ನಲವತ್ತೊಂದು ಮಧ್ಯಾಹ್ನಗಳ ಪಾಳಿ

ಏಪ್ರಿಲ್ 10 ಸರ್ಕಾರಿ ಶಾಲೆಗಳಲ್ಲಿ ಫಲಿತಾಂಶ ಓದುವ ದಿನ. ಪಾಸಾದವರ ಹೆಸರು ಕೇಳಿದ್ದೇ ತಡ, ಮಕ್ಕಳು ಕೂಗುತ್ತಾ ಗೇಟಿನಾಚೆ ಓಡುತ್ತಾರೆ. ಹೆಡ್‌ಮಾಸ್ತರರು ಹಾಜರಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಅತ್ತ ಅಡುಗೆಕೋಣೆಯಲ್ಲಿ ಬಿಸಿಯೂಟದವರು ದೊಡ್ಡ ಪಾತ್ರೆಗಳನ್ನು ತಿಕ್ಕಿ ತೊಳೆದು ಬೋರಲು ಹಾಕಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿಡುತ್ತಾರೆ. ಆ ಪಾತ್ರೆಗಳು ಮತ್ತೆ ಒಲೆ ಏರುವುದು ಶಾಲೆ ತೆರೆದ ಮೇಲೆ, ಅಂದರೆ ಮೇ ತಿಂಗಳ ಕೊನೆಗೆ. ಏಪ್ರಿಲ್ 11ರಿಂದ ಮೇ 28ರವರೆಗೆ 48 ದಿನ. ಭಾನುವಾರಗಳನ್ನು ಕಳೆದರೆ 41 ಮಧ್ಯಾಹ್ನ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಈ ಮಧ್ಯಾಹ್ನಗಳು ಹೇಗಿರುತ್ತವೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಸಿಲು 40 ಡಿಗ್ರಿ ದಾಟುತ್ತದೆ. ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಕಾಲ ಅದು. ಉದ್ಯೋಗ ಖಾತ್ರಿಯ ಕೆರೆ ಹೂಳು, ಬದು ಕೆಲಸಗಳು ಜೋರಾಗಿ ನಡೆಯುವುದೂ ಆಗಲೇ. ಬೆಳಕು ಹರಿಯುವ ಮುಂಚೆ ಬುತ್ತಿ ಕಟ್ಟಿಕೊಂಡು ಹೋದ ತಾಯಿ ವಾಪಸು ಬರುವ ಹೊತ್ತಿಗೆ ಮಧ್ಯಾಹ್ನದ ಊಟದ ಹೊತ್ತು ಮೀರಿರುತ್ತದೆ. ಬೆಳಿಗ್ಗೆ ಬಡಿದ ರೊಟ್ಟಿ ಉಳಿದಿದ್ದರೆ ಮಕ್ಕಳಿಗೆ ಅದೇ ಊಟ. ಉಳಿಯದಿದ್ದರೆ ಅಂಗಡಿಯ ಮುಂದೆ ಜೋತುಬಿದ್ದ ಐದು ರೂಪಾಯಿಯ ಕುರುಕಲು ಪೊಟ್ಟಣ. ಅದೇ ಮಗುವಿಗೆ ಮಾರ್ಚ್ ತಿಂಗಳಲ್ಲಿ ಶಾಲೆಯಲ್ಲಿ ಬಿಸಿ ಅನ್ನ, ಬೇಳೆ ಸಾರು, ತರಕಾರಿ, ಮೊಟ್ಟೆ, ಒಂದು ಲೋಟ ಹಾಲು ಸಿಗುತ್ತಿತ್ತು.

ಈ ಅಂತರ ಯಾರೋ ಮರೆತು ಬಿಟ್ಟದ್ದಲ್ಲ, ಕಾನೂನಿನಲ್ಲೇ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಕಲಮು 6ರಿಂದ 14 ವರ್ಷದ ಶಾಲಾ ಮಕ್ಕಳಿಗೆ ದಿನಕ್ಕೊಂದು ಉಚಿತ ಊಟವನ್ನು ಹಕ್ಕಾಗಿ ಕೊಡುತ್ತದೆ. ಆದರೆ ‘ಶಾಲಾ ರಜಾದಿನಗಳ ಹೊರತು’ ಎಂಬ ಮಾತೂ ಅದರೊಳಗೇ ಕೂತಿದೆ. ಇದಕ್ಕೆ ಒಂದು ಕಿಂಡಿಯನ್ನು ಸುಪ್ರೀಂ ಕೋರ್ಟ್ ಕಾಯ್ದೆಗಿಂತ ಮೊದಲೇ ಕೊರೆದಿಟ್ಟಿತ್ತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಆಹಾರ ಹಕ್ಕಿನ ಮೊಕದ್ದಮೆಯಲ್ಲಿ 2001ರ ನವೆಂಬರ್ 28ರಂದು ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದ ಕೋರ್ಟು, 2004ರ ಏಪ್ರಿಲ್ 20ರಂದು ಇನ್ನೊಂದು ಆದೇಶ ಹೊರಡಿಸಿತು: ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕು.

ಹಾಗಾಗಿ ಬೇಸಿಗೆಯ ಬಿಸಿಯೂಟಕ್ಕೆ ಬರವೇ ರಹದಾರಿ. ಮಳೆ ಬಂದ ವರ್ಷ ಮಕ್ಕಳಿಗೆ ಊಟವಿಲ್ಲ, ಮಳೆ ಕೈಕೊಟ್ಟ ವರ್ಷ ಇದೆ. ಕೂಲಿ ಮಾಡುವ ಮನೆಯ ಮಗುವಿನ ಹೊಟ್ಟೆಗೂ ಮಳೆಮಾಪಕಕ್ಕೂ ಇಷ್ಟು ನೇರ ಸಂಬಂಧ ಇದೆಯೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಆದರೂ ಆದೇಶ ಇರುವುದು ಹಾಗೆ.

ಇತ್ತೀಚೆಗೆ ಈ ಆದೇಶ ದೊಡ್ಡದಾಗಿ ಬಳಕೆಗೆ ಬಂದದ್ದು 2024ರಲ್ಲಿ. ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಬಳ್ಳಾರಿ, ವಿಜಯನಗರ ಜಿಲ್ಲೆಗಳೂ ಆ ಪಟ್ಟಿಯಲ್ಲಿದ್ದವು. ಏಪ್ರಿಲ್ 11ರಿಂದ ಮೇ 28ರವರೆಗೆ 41 ದಿನ ಶಾಲೆಗಳಲ್ಲಿ ಊಟ ಹಾಕುವುದೆಂದು ತೀರ್ಮಾನವಾಯಿತು. ಅಕ್ಕಿ ಬಂತು, ಬೇಳೆ ಬಂತು, ಎಣ್ಣೆ ಬಂತು. ಅನೇಕ ಕಡೆ ಮಕ್ಕಳು ಮಾತ್ರ ಬರಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅದು ಲೋಕಸಭಾ ಚುನಾವಣೆಯ ಬೇಸಿಗೆ. ಬಳ್ಳಾರಿ, ಕೊಪ್ಪಳ ಕ್ಷೇತ್ರಗಳಲ್ಲಿ ಮೇ 7ಕ್ಕೆ ಮತದಾನ. ಶಿಕ್ಷಕರೆಲ್ಲ ಚುನಾವಣಾ ತರಬೇತಿಗೆ ಓಡಾಡುತ್ತಿದ್ದರು. ಅರ್ಧ ಮಕ್ಕಳು ಅಜ್ಜಿಯ ಊರಿಗೆ ಹೋಗಿದ್ದರು. ಇನ್ನು ಕೆಲವರು ಅಪ್ಪ–ಅವ್ವನ ಜೊತೆ ಗುಳೆ ಹೋಗಿದ್ದರು. ತಾಂಡಾಗಳ, ಮಳೆಯಾಶ್ರಿತ ಹಳ್ಳಿಗಳ ಎಷ್ಟೋ ಮನೆಗಳ ಬೇಸಿಗೆ ಕಳೆಯುವುದು ಬೆಂಗಳೂರಿನ ಕಟ್ಟಡಗಳ ನೆರಳಲ್ಲಿ. ಊರಲ್ಲೇ ಉಳಿದವರಿಗೆ ಬಿಸಿಲಿನಲ್ಲಿ ಒಂದು ಮೈಲಿ ನಡೆದು, ಪಾಠವಿಲ್ಲದ ಶಾಲೆಯಲ್ಲಿ ಉಂಡು ಬರಲು ಮನಸ್ಸಿರಲಿಲ್ಲ. ಇದರ ಜೊತೆಗೆ, ಯಾರೂ ಬಾಯಿಬಿಟ್ಟು ಹೇಳದ ಸಂಕೋಚವೊಂದಿತ್ತು. ಶಾಲೆ ಇದ್ದಾಗ ಉಣ್ಣುವುದು ಎಲ್ಲರ ಊಟ. ರಜೆಯಲ್ಲಿ ತಟ್ಟೆ ಹಿಡಿದು ಹೋದರೆ ‘ಅವರ ಮನೆಯಾಗ ಒಲಿ ಹತ್ತಿಲ್ಲೇನು’ ಎಂಬ ನೋಟ ಎದುರಿಸಬೇಕು. ಹನ್ನೆರಡು ವರ್ಷದ ಹುಡುಗಿ ಹಸಿವನ್ನಾದರೂ ತಡೆದುಕೊಂಡಾಳು, ಆ ನೋಟವನ್ನು ತಡೆದುಕೊಳ್ಳಲಾರಳು.

ಒಲೆ, ಅಕ್ಕಿ, ಆದೇಶ ಮೂರೂ ಇದ್ದವು. ಇಲ್ಲದಿದ್ದದ್ದು ಮನೆಮನೆಗೆ ಹೋಗಿ ‘ಬಾರೋ, ಊಟಕ್ಕೆ ಕರೀತಾರ’ ಎನ್ನುವ ದನಿ. ಅದನ್ನು ಸುತ್ತೋಲೆಯಲ್ಲಿ ಕಳಿಸಲು ಬರುವುದಿಲ್ಲ. ಊರೇ ಹೊಂದಿಸಿಕೊಳ್ಳಬೇಕು.

ಕರೆದು ಉಣಿಸುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಹಂಪಿಗೆ ಹೋದವರು ಕಮಲಾಪುರದ ಕಡೆಯ ಅವಶೇಷಗಳ ನಡುವೆ ‘ಭೋಜನಶಾಲೆ’ಯನ್ನು ನೋಡಿರುತ್ತಾರೆ. ನೀರು ಹರಿಯಲು ಕಟ್ಟಿದ ಕಲ್ಲಿನ ಕಾಲುವೆ, ಅದರ ಎರಡೂ ದಡಕ್ಕೆ ಸಾಲಾಗಿ ಜೋಡಿಸಿದ ಕಲ್ಲಿನ ತಟ್ಟೆಗಳು. ಬಗ್ಗಿ ನೋಡಿದರೆ ಅನ್ನಕ್ಕೊಂದು ಅಗಲದ ತಗ್ಗು, ಪಲ್ಯ–ಸಾರುಗಳಿಗೆ ಸಣ್ಣ ಸಣ್ಣ ಬಟ್ಟಲು, ಎಲ್ಲವನ್ನೂ ಒಂದೇ ಕಲ್ಲಿನಲ್ಲಿ ಕೊರೆದಿದ್ದಾರೆ. ಯಾರು ಕೂತು ಉಣ್ಣುತ್ತಿದ್ದರು ಎಂದು ಕೇಳಿದರೆ ಗೈಡಿಗೊಂದು ಕತೆ. ಕತೆ ಯಾವುದಾದರೂ ಇರಲಿ, ಪಂಕ್ತಿಯಲ್ಲಿ ಕೂತವರೆಲ್ಲರ ತಟ್ಟೆಯೂ ಒಂದೇ ಮಟ್ಟದಲ್ಲಿದೆ.

ಬಿಸಿಯೂಟದ ಸರ್ಕಾರಿ ಹೆಸರು ‘ಅಕ್ಷರ ದಾಸೋಹ’. ಹನ್ನೆರಡನೆಯ ಶತಮಾನದ ಶರಣರ ಮಾತನ್ನು ಇಲಾಖೆ ಎರವಲು ಪಡೆದದ್ದು ಸರಿಯಾಗಿಯೇ ಇದೆ. 2002ರ ಜೂನ್‌ನಲ್ಲಿ ಯೋಜನೆ ಮೊದಲು ಜಾರಿಯಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಉಳಿದ ಜಿಲ್ಲೆಗಳಿಗೆ ವಿಸ್ತರಣೆಯಾದದ್ದು ಮರುವರ್ಷ. ಇತಿಹಾಸದ ಒಂದು ತಮಾಷೆಯನ್ನೂ ಇಲ್ಲಿ ಹೇಳಬಹುದು. ಹೊಸಪೇಟೆ, ಕಂಪ್ಲಿಯ ಮಕ್ಕಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಸರ್ಕಾರದ ಶಾಲೆಗಳಲ್ಲಿ ಕಲಿಯುತ್ತಿದ್ದರು. ಅಂದು ಬಳ್ಳಾರಿ ಮೈಸೂರಿಗೆ ಸೇರಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಮದ್ರಾಸಿನಲ್ಲಿ ಕಾಮರಾಜರು ಶಾಲಾ ಮಧ್ಯಾಹ್ನದ ಊಟ ಶುರುಮಾಡಿದರು. ಕನ್ನಡನಾಡಿಗೆ ಸೇರಿದ ಸಂಭ್ರಮದಲ್ಲಿ ಈ ಮಕ್ಕಳ ಕೈಯಿಂದ ಒಂದು ಊಟ ಜಾರಿಹೋಯಿತು! ಮುಂದೆ ‘ಕೇರ್’ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ ಬಂದವು. ಆ ಉಪ್ಪಿಟ್ಟಿನ ವಾಸನೆಯನ್ನು ಈಗ ಅರವತ್ತು ದಾಟಿದವರು ಇನ್ನೂ ಮರೆತಿಲ್ಲ. 1995ರ ನಂತರ ತಿಂಗಳಿಗೆ 3 ಕಿಲೋ ಧಾನ್ಯ. ಬೇಯಿಸಿದ ಅನ್ನಕ್ಕೆ 2002ರವರೆಗೆ ಕಾಯಬೇಕಾಯಿತು.

ಆದರೆ ದಾಸೋಹ ಎಂದರೆ ಜನ ಹೇಗೆ ಕೂಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಜನವರಿಯಲ್ಲಿ ತುಂಗಭದ್ರೆ ದಾಟಿ ಕೊಪ್ಪಳಕ್ಕೆ ಹೋಗಬೇಕು. ಗವಿಮಠದ ಜಾತ್ರೆಗೆ ವಾರಗಳ ಮೊದಲೇ ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲಿ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿಯಲು ಕೂರುತ್ತಾರೆ. ಖಟಕ್ ಎಂದು ಮುರಿಯುವಂತೆ ಒಣಗಿಸಿದ ರೊಟ್ಟಿಯನ್ನು ಬಟ್ಟೆ ಹಾಸಿದ ಟ್ರ್ಯಾಕ್ಟರಿನಲ್ಲಿ ಪೇರಿಸಿ, ಭಜನೆ ಹೇಳುತ್ತಾ ಮಠಕ್ಕೆ ತರುತ್ತಾರೆ. ಲಕ್ಷಗಟ್ಟಲೆ ರೊಟ್ಟಿ ಸೇರುತ್ತದೆ. ಒಂದು ಊರಿನವರು ಕಾಯಿಪಲ್ಯ ಹೆಚ್ಚಿದರೆ ಇನ್ನೊಂದು ಊರಿನವರು ಬಡಿಸುತ್ತಾರೆ, ಯುವಕರ ಗುಂಪು ಮಿರ್ಚಿ ಕರಿಯುತ್ತದೆ. ಯಾರಿಗೂ ಸಂಬಳವಿಲ್ಲ, ಆದರೆ ಎಲ್ಲರಿಗೂ ಪಾಳಿ ಇದೆ.

ಈ ‘ಪಾಳಿ’ ಎಂಬ ಮಾತನ್ನು ಹಿಡಿದುಕೊಳ್ಳಬೇಕು. ನಮ್ಮಲ್ಲಿ ಊಟ ಹಾಕುವವರಿಗೆ ಬರವಿಲ್ಲ. ಮಗನ ಹುಟ್ಟುಹಬ್ಬಕ್ಕೆ, ತಂದೆಯ ತಿಥಿಗೆ, ಊರ ದೇವರ ಜಾತ್ರೆಗೆ ಸಾವಿರ ಎಲೆ ಹಾಕಿಸುವವರು ಸಿಗುತ್ತಾರೆ. ಅವರೆಲ್ಲ ಒಂದೇ ದಿನದ ದೊಡ್ಡ ಮನಸ್ಸಿನವರು. ಮೇ 16ರಂಥ ಹೆಸರಿಲ್ಲದ ದಿನ, ಅರವತ್ತು ಮಕ್ಕಳಿಗೆ ಹನ್ನೊಂದಕ್ಕೆ ಅನ್ನ ಸಿದ್ಧ ಮಾಡುವವರು ಯಾರು? ಜಾತ್ರೆಯ ಹುಮ್ಮಸ್ಸನ್ನು 41 ತುಂಡು ಮಾಡಿ ಹಂಚುವುದೇ ಬೇಸಿಗೆ ಊಟದ ಅಸಲಿ ಕೆಲಸ.

ಲೆಕ್ಕ ಹಾಕಿದರೆ ಅದು ಅಂಜುವಷ್ಟು ದೊಡ್ಡದೂ ಅಲ್ಲ. ಬಿಸಿಯೂಟದ ಕೇಂದ್ರ ಯೋಜನೆಯಾದ ಪಿಎಂ ಪೋಷಣ್ ಪ್ರಕಾರ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಅಕ್ಕಿ ಬಿಟ್ಟು ಉಳಿದ ಸಾಮಗ್ರಿಗೆ 2025ರ ಮೇ 1ರಿಂದ ನಿಗದಿಯಾಗಿರುವ ದರ ಮಗುವಿಗೆ ₹6.78. ಹಳ್ಳಿಯ ಶಾಲೆಯೊಂದರಲ್ಲಿ ರಜೆಗೆ ಊರಲ್ಲೇ ಉಳಿಯುವ ಮಕ್ಕಳು 60 ಎಂದುಕೊಳ್ಳಿ. ದಿನಕ್ಕೆ 6 ಕಿಲೋ ಅಕ್ಕಿ, 1 ಕಿಲೋ 200 ಗ್ರಾಂ ಬೇಳೆ, 3 ಕಿಲೋ ತರಕಾರಿ, ₹407 ಖರ್ಚು. ಇಡೀ ರಜೆಗೆ 246 ಕಿಲೋ ಅಕ್ಕಿ, ಅಂದರೆ 50 ಕಿಲೋದ ಐದು ಚೀಲ. ಸಾಮಗ್ರಿಗೆ ಒಟ್ಟು ₹16,700 ಆಸುಪಾಸು. ಸರ್ಕಾರಿ ದರ ಮಾರುಕಟ್ಟೆಗಿಂತ ಕಡಿಮೆ ಎಂದು ಇದನ್ನು ಮೂರು ಪಟ್ಟು ಮಾಡಿಕೊಂಡರೂ ಐವತ್ತು ಸಾವಿರ. ಗಣೇಶನ ಪೆಂಡಾಲಿಗೆ ಇದಕ್ಕಿಂತ ಹೆಚ್ಚು ಪಟ್ಟಿ ಎತ್ತುವ ಓಣಿಗಳು ಹೊಸಪೇಟೆಯಲ್ಲಿ ಬೇಕಾದಷ್ಟಿವೆ.

ದುಡ್ಡಿಗಿಂತ ಕಷ್ಟದ್ದು ಜನರನ್ನು ಹೊಂದಿಸುವುದು. ಸ್ವಯಂಸೇವಕ ಎಂದರೆ ಕೊರಳಿಗೆ ಶಾಲು ಹಾಕಿಕೊಂಡು ಮೊದಲ ದಿನ ಬಡಿಸಿ ಫೋಟೊ ತೆಗೆಸಿಕೊಳ್ಳುವವರು ಎಂಬ ಕಲ್ಪನೆ ಗಟ್ಟಿಯಾಗಿ ಕೂತಿದೆ. ಬೇಸಿಗೆ ಊಟಕ್ಕೆ ಬೇಕಾದವರು ಬೇರೆ ಬಗೆಯವರು. ಮೊದಲನೆಯದಾಗಿ ಪಟ್ಟಿ ಮಾಡುವವರು ಬೇಕು: ಯಾವ ಮನೆಯ ಮಗು ರಜೆಗೆ ಎಲ್ಲಿರುತ್ತದೆ, ಯಾವ ಮನೆಯಲ್ಲಿ ಹಗಲು ದೊಡ್ಡವರು ಇರುವುದಿಲ್ಲ, ಯಾರ ಮೊಮ್ಮಕ್ಕಳು ಬೇರೆ ಊರಿಂದ ಬಂದು ಅಜ್ಜಿಯ ಜೊತೆಗಿದ್ದಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಇದು ಸಿಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಾಯಲ್ಲೇ ಹೇಳಿಬಿಡುತ್ತಾರೆ. ಹೊಸಪೇಟೆಯ ಸಖಿ ಟ್ರಸ್ಟ್‌ನಂಥ, ದಲಿತ ಹೆಣ್ಣುಮಕ್ಕಳ ಓದಿಗಾಗಿ ದುಡಿಯುವ ಸಂಸ್ಥೆಗಳ ಬಳಿಯೂ ಇಂಥ ಓಣಿ ಮಟ್ಟದ ತಿಳಿವಳಿಕೆ ಇದೆ.

ಎರಡನೆಯದು ಮಕ್ಕಳನ್ನು ಕರೆತರುವುದು. ಪಿಯುಸಿ ಪರೀಕ್ಷೆ ಮುಗಿಸಿ ಮೊಬೈಲ್ ಹಿಡಿದು ಕೂತ ಹುಡುಗ–ಹುಡುಗಿಯರು ಇದಕ್ಕೆ ಹೇಳಿ ಮಾಡಿಸಿದವರು. ಓಣಿಗಿಬ್ಬರಂತೆ ಹತ್ತು ಮಕ್ಕಳನ್ನು ಒಟ್ಟುಗೂಡಿಸಿ ಶಾಲೆಗೆ ತಂದು ವಾಪಸು ಬಿಟ್ಟರೆ ಅವರ ಆ ದಿನದ ಕೆಲಸ ಮುಗಿಯಿತು. ಹೊತ್ತೂ ಮುಖ್ಯ. ಒಂದು ಗಂಟೆಯ ಬಿಸಿಲಿಗೆ ಮಕ್ಕಳನ್ನು ನಡೆಸುವುದು ತಪ್ಪು. ಹನ್ನೊಂದಕ್ಕೆ ಬಡಿಸಿ ಹನ್ನೆರಡಕ್ಕೆ ಮನೆ ಸೇರಿಸಬೇಕು. ಕುಡಿಯುವ ನೀರಿನ ಹೊಣೆ ಒಬ್ಬರಿಗೆ, ತಟ್ಟೆ ತೊಳೆಯುವುದು ಇಬ್ಬರಿಗೆ.

ಒಲೆಯ ಹೊಣೆಯನ್ನು ಮಾತ್ರ ಹವ್ಯಾಸಿಗಳಿಗೆ ಬಿಡಬಾರದು. ಬಿಹಾರದ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ 2013ರ ಜುಲೈ 16ರಂದು ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತರು. ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಲೇಬೇಕೆಂಬ ನಿಯಮವನ್ನು ದೇಶ ಬಿಗಿಯಾಗಿ ಹಿಡಿದದ್ದು ಆ ಸಾವುಗಳ ನಂತರ. ಅಳತೆ, ಹದ, ಚೊಕ್ಕತನ ಗೊತ್ತಿರುವವರು ಬಿಸಿಯೂಟದ ಅಡುಗೆಯವರೇ. ಅವರದು ಇನ್ನೊಂದು ಕತೆ. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ ವರ್ಷಕ್ಕೆ ಹತ್ತೇ ತಿಂಗಳು, ರಾಜ್ಯದ ಪಾಲು ಸೇರಿಸಿದರೂ ತಿಂಗಳಿಗೆ ಐದು ಸಾವಿರದೊಳಗೆ. ಊರಿನವರು ಪುಕ್ಕಟೆ ಸೇವೆ ಮಾಡಬಹುದು, ಸಂತೋಷ. ಅಡುಗೆಯವರಿಂದ ಪುಕ್ಕಟೆ ದುಡಿಸಿಕೊಂಡು ಅದಕ್ಕೆ ಸೇವೆ ಎಂದು ಹೆಸರಿಡುವುದು ಅನ್ಯಾಯ. ಬೇಸಿಗೆ ಊಟದ ಖರ್ಚಿನ ಮೊದಲ ಸಾಲಿನಲ್ಲೇ ಅವರ 41 ದಿನದ ಕೂಲಿ ಬರೆದಿರಬೇಕು.

ಏಪ್ರಿಲ್–ಮೇ ಮದುವೆಗಳ ಹಂಗಾಮು ಬೇರೆ. ಛತ್ರದಲ್ಲಿ ಉಳಿದ ಪಲಾವು, ಜಿಲೇಬಿಯನ್ನು ‘ಮಕ್ಕಳಿಗೆ ಕೊಟ್ಟುಬಿಡಿ’ ಎಂದು ಕಳಿಸುವವರಿದ್ದಾರೆ. ಮನಸ್ಸು ಒಳ್ಳೆಯದೇ, ಆದರೆ 40 ಡಿಗ್ರಿ ಬಿಸಿಲಿನಲ್ಲಿ ಮೂರು ತಾಸು ಇದ್ದ ಅನ್ನವನ್ನು ಯಾರ ಮಕ್ಕಳಿಗೂ ಹಾಕಬಾರದು. ಕೊಡುವುದಿದ್ದರೆ ಮದುವೆಗೆ ಮುಂಚೆ ಒಂದು ಚೀಲ ಅಕ್ಕಿ, ಹತ್ತು ಕಿಲೋ ಬೇಳೆ ಕೊಟ್ಟರಾಯಿತು. ದಾನಿಗಳು ಶಾಲೆಯಲ್ಲಿ ವಿಶೇಷ ಊಟ ಹಾಕಿಸುವ ವ್ಯವಸ್ಥೆ ದೇಶದಲ್ಲಿ ‘ತಿಥಿ ಭೋಜನ್’ ಎಂದು, ಕರ್ನಾಟಕದಲ್ಲಿ ‘ಶಾಲೆಗಾಗಿ ನಾವು ನೀವು’ ಎಂದು ಈಗಾಗಲೇ ಇದೆ. ಅದನ್ನು ರಜೆಯ ದಿನಗಳತ್ತ ತಿರುಗಿಸುವುದಷ್ಟೇ ಬಾಕಿ.

ಪಂಕ್ತಿಯಲ್ಲಿ ಕೂರುವಾಗ ಜಾತಿಯೂ ಬಂದು ಕೂರುತ್ತದೆ. ದಲಿತ ಮಹಿಳೆ ಅಡುಗೆ ಮಾಡುತ್ತಾಳೆಂದು ಪೋಷಕರು ಮಕ್ಕಳನ್ನು ಶಾಲೆ ಬಿಡಿಸಿದರೆಂಬ ವರದಿ ಚಾಮರಾಜನಗರ ಜಿಲ್ಲೆಯಿಂದ 2025ರಲ್ಲೂ ಬಂತು. ಶಾಲೆ ನಡೆಯುವಾಗ ನಿಯಮದ ಅಂಕುಶವಾದರೂ ಇರುತ್ತದೆ. ಊರಿನವರೇ ನಡೆಸುವ ಊಟದಲ್ಲಿ ಆ ಅಂಕುಶ ಸಡಿಲ. ಊರಿನ ಒಳ್ಳೆಯತನದ ಜೊತೆ ಊರಿನ ಕೆಡುಕೂ ಒಳಗೆ ಬರುತ್ತದೆ. ಅದಕ್ಕೇ ಶಾಲೆಯ ಅಂಗಳ ಬಿಟ್ಟು ಯಾರದೋ ಮನೆಯ ಪಡಸಾಲೆಯಲ್ಲೋ, ಒಂದು ಸಮುದಾಯದ ಗುಡಿಯ ಮುಂದೋ ಈ ಊಟ ಇಟ್ಟುಕೊಳ್ಳದಿರುವುದು ಲೇಸು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಈ ರಾಜ್ಯದಲ್ಲಿ 2001ರಿಂದ ಇವೆ. ಹೊಣೆ ಅವಕ್ಕೇ ಸೇರಬೇಕು.

ಉಣ್ಣಲು ಮಾತ್ರ ಕರೆದರೆ ಮಕ್ಕಳು ಸಂಕೋಚಪಡುತ್ತಾರೆ ಎಂಬ ಮಾತು ಮೊದಲೇ ಬಂತು. ಅದಕ್ಕೆ ಮದ್ದು ಪಂಚಾಯಿತಿಯಲ್ಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಮಕ್ಕಳ ಬೇಸಿಗೆ ಶಿಬಿರಗಳನ್ನೂ ಅವು ನಡೆಸಿವೆ. ಬೆಳಿಗ್ಗೆ ಒಂಬತ್ತಕ್ಕೆ ಕತೆ, ಚಿತ್ರ, ಕೇರಂ, ಕಾಗದದ ಗಾಳಿಪಟ. ಹನ್ನೊಂದಕ್ಕೆ ಊಟ. ಆಗ ಮಗು ಹೋಗುವುದು ಶಿಬಿರಕ್ಕೆ. ಊಟ ಅಲ್ಲಿ ಸಿಗುವ ಹಲವದರಲ್ಲಿ ಒಂದು. ಶಿಕ್ಷಕರ ಮಗ, ಕೂಲಿಯವರ ಮಗಳು ಇಬ್ಬರೂ ಬರುತ್ತಾರೆ, ‘ಒಲಿ ಹತ್ತಿಲ್ಲೇನು’ ಎಂದು ಕೇಳುವ ಬಾಯಿ ತಾನಾಗಿ ಮುಚ್ಚುತ್ತದೆ. ಚಿಕ್ಕ ಮಕ್ಕಳಿಗೆ ಉದ್ಯೋಗ ಖಾತ್ರಿಯ ಜೊತೆ ಬೆಸೆದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳಿವೆ. 2023–24ರ ಬಜೆಟ್‌ನಲ್ಲಿ ಇಂಥ 4,000 ಕೇಂದ್ರಗಳನ್ನು ಘೋಷಿಸಲಾಗಿತ್ತು. ಅಲ್ಲಿಗೆ ತಮ್ಮನನ್ನು ಬಿಡಲು ಬರುವ ಅಕ್ಕನಿಗೂ ಹಸಿವಾಗಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ರಜೆಯ ಹಸಿವು ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಬೇಸಿಗೆ ಊಟಕ್ಕೆ 1968ರಿಂದ ಸರ್ಕಾರಿ ಹಣ ಸಿಗುತ್ತಿದೆ. ಅಲ್ಲಿ ಊಟ ಬಡಿಸುವುದು ಉದ್ಯಾನ, ಚರ್ಚು, ಗ್ರಂಥಾಲಯಗಳಲ್ಲಿ. ಮಕ್ಕಳು ಅಲ್ಲೇ ಕೂತು ಉಣ್ಣಬೇಕೆಂಬ ನಿಯಮದಿಂದ ದೂರದ ಹಳ್ಳಿಯವರಿಗೆ ಅದು ಎಟುಕುತ್ತಲೇ ಇರಲಿಲ್ಲ. 2023ರ ಬೇಸಿಗೆಯಿಂದ ಹಳ್ಳಿಗಾಡಿನಲ್ಲಿ ಊಟ ಕಟ್ಟಿಕೊಡಲು ಅವಕಾಶವಾಯಿತು. ಇಂಗ್ಲೆಂಡಿನಲ್ಲಿ 2020ರ ಜೂನ್‌ನಲ್ಲಿ ಫುಟ್‌ಬಾಲ್ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್ ಬಹಿರಂಗ ಪತ್ರ ಬರೆದ ಮೇಲೆ ಸರ್ಕಾರ ರಜೆಯ ಊಟದ ಬಗ್ಗೆ ತನ್ನ ನಿಲುವು ಬದಲಿಸಿತು. ಪಕ್ಕದ ಕೇರಳ ಬೇಸಿಗೆ ರಜೆಗೆಂದು ಬಿಸಿಯೂಟದ ಮಕ್ಕಳ ಮನೆಗೆ ಅಕ್ಕಿಯನ್ನೇ ಕೊಟ್ಟು ಕಳಿಸುತ್ತದೆ. ಸುಲಭದ ದಾರಿ. ಆದರೆ ಮನೆಗೆ ಹೋದ ಅಕ್ಕಿ ಎಲ್ಲರ ಅಕ್ಕಿ, ಮಗುವಿನ ತಟ್ಟೆಗೆ ಎಷ್ಟು ಬಿತ್ತೆಂದು ಯಾರೂ ನೋಡುವುದಿಲ್ಲ.

ಇನ್ನು ನಾಲ್ಕೂ ಊರುಗಳ ಬೇಸಿಗೆಯೂ ಒಂದೇ ತರಹದ್ದಲ್ಲ. ಕಂಪ್ಲಿ ಭತ್ತದ ಸೀಮೆ. ತುಂಗಭದ್ರೆಯ ಕಾಲುವೆಗಳು ಉಣಿಸುವ ಗದ್ದೆಗಳು, ಹೊಳೆಯಾಚೆ ಗಂಗಾವತಿಯ ಅಕ್ಕಿ ಗಿರಣಿಗಳು. ಅಲ್ಲಿ ಐದು ಚೀಲ ಅಕ್ಕಿ ಯಾರೂ ಬೆವರದ ಮಾತು; ಒಂದು ಕಣದಲ್ಲಿ ಕೂತು ಕೇಳಿದರೆ ಸಂಜೆಯೊಳಗೆ ಸೇರುತ್ತದೆ. ಕಷ್ಟ ಇರುವುದು ಬೇಳೆ, ತರಕಾರಿ, ಮೊಟ್ಟೆಗೆ. ಬರೀ ಅನ್ನ ಹೊಟ್ಟೆ ತುಂಬಿಸುತ್ತದೆ, ಮಗುವನ್ನು ಬೆಳೆಸುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅವರೇ ಮುಂದೆ ಶಾಲೆಗೆ ಬರುವವರು. ಶಾಲಾ ದಿನಗಳಲ್ಲಿ ಮೊಟ್ಟೆಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ₹1,591 ಕೋಟಿ ಕೊಡಲು ಒಪ್ಪಿ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತಾಯಿತು. ಅದರ ಫಲ ರಜೆಯ ಏಳು ವಾರದಲ್ಲಿ ಕರಗದಂತೆ ನೋಡಿಕೊಳ್ಳುವುದು ಊರಿನ ಪಾಲು.

ಸಂಡೂರಿನದು ಬೇರೆ ಕತೆ. ಗಣಿಗಾರಿಕೆ ಕೊಬ್ಬಿದ್ದ ಕಾಲದಲ್ಲಿ ಅದಿರು ಒಡೆಯುವ ಜಾಗದಲ್ಲಿ ಮಕ್ಕಳೂ ಸುತ್ತಿಗೆ ಹಿಡಿದಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ಕೆಲಕಾಲ ನಿಲ್ಲಿಸಿತು. ಈಗ ಗಣಿ ಬಾಧಿತ ಪ್ರದೇಶಗಳ ಹೆಸರಿನಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಹಣ ಕೂಡಿದೆ. 2015ರಲ್ಲಿ ರೂಪುಗೊಂಡ ಆ ನಿಧಿಯ ಆದ್ಯತೆಯ ಕ್ಷೇತ್ರಗಳಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದ ಜೊತೆ ಮಹಿಳೆಯರ ಮತ್ತು ಮಕ್ಕಳ ಕಲ್ಯಾಣವೂ ಇದೆ. ಬೇಸಿಗೆಯ ಅಡುಗೆಯವರ ಕೂಲಿ, ಮೊಟ್ಟೆಯ ಖರ್ಚಿಗೆ ಇದಕ್ಕಿಂತ ನ್ಯಾಯವಾದ ಮೂಲ ಸಂಡೂರಿಗೆ ಇನ್ನೊಂದಿಲ್ಲ. ಅನ್ನದ ವಿಷಯದಲ್ಲಿ ಈ ಊರಿಗೊಂದು ಹಳೆಯ ಮೇಲ್ಪಂಕ್ತಿಯೂ ಇದೆ: ಘೋರ್ಪಡೆ ಮನೆತನದ ಸಂಡೂರು ಮ್ಯಾಂಗನೀಸ್ ಕಂಪನಿ ತನ್ನ ಕಾರ್ಮಿಕರಿಗೆ 1972ರ ದರದಲ್ಲೇ ದವಸಧಾನ್ಯ ಕೊಡುವ ಪದ್ಧತಿಯನ್ನು ದಶಕಗಳ ಕಾಲ ನಡೆಸಿತ್ತು.

ಹಂಪಿಯಲ್ಲಿ ಚೈತ್ರದ ಹುಣ್ಣಿಮೆಗೆ ವಿರೂಪಾಕ್ಷನ ತೇರು ಎಳೆದರೆ ಪ್ರವಾಸಿಗರ ಹಂಗಾಮು ಮುಗಿದಂತೆ. ಬಿಸಿಲಿಗೆ ಹೆದರಿ ಜನ ಬರುವುದಿಲ್ಲ, ಅಂಗಡಿ, ಆಟೊ, ಹರಿಗೋಲು, ಗೈಡುಗಾರಿಕೆ ನೆಚ್ಚಿದ ಮನೆಗಳ ಸಂಪಾದನೆ ತಗ್ಗುತ್ತದೆ. ಮಕ್ಕಳಿಗೆ ಶಾಲೆಯ ಊಟ ನಿಲ್ಲುವುದೂ, ಮನೆಯ ದುಡಿಮೆ ತಗ್ಗುವುದೂ ಒಂದೇ ತಿಂಗಳಲ್ಲಿ. 2011ರ ತೆರವಿನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಿಂದ ಎದ್ದ ಕುಟುಂಬಗಳು ಕಡ್ಡಿರಾಂಪುರದ ಕಡೆ ನೆಲೆ ಕಂಡುಕೊಂಡವು. ಹಂಪಿಯ ಪಟ್ಟಿ ಮಾಡುವವರು ಗುಡಿಯ ಸುತ್ತ ಮಾತ್ರ ಹುಡುಕಿದರೆ ಮಕ್ಕಳು ಸಿಗುವುದಿಲ್ಲ.

ಹೊಸಪೇಟೆ ಈಗ ವಿಜಯನಗರ ಜಿಲ್ಲೆಯ ಕೇಂದ್ರ. ಪಟ್ಟಣಗಳಲ್ಲಿ ದೊಡ್ಡ ಯಂತ್ರಗಳ ಒಂದೇ ಅಡುಗೆಮನೆಯಿಂದ ನೂರಾರು ಶಾಲೆಗೆ ಊಟ ಕಳಿಸುವ ಮಾದರಿಯೂ ಉಂಟು. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಂದ ಶುರುವಾದ ಅಕ್ಷಯ ಪಾತ್ರೆ ಬಳ್ಳಾರಿಯಲ್ಲೂ ಅಡುಗೆಮನೆ ನಡೆಸುತ್ತಿದೆ. ಶಾಲೆಗಳೆಲ್ಲ ತೆರೆದಿದ್ದಾಗ ಆ ವ್ಯವಸ್ಥೆಗೆ ಸರಿಸಾಟಿ ಇಲ್ಲ. ರಜೆಯಲ್ಲಿ ಇಲ್ಲಿ ಇಪ್ಪತ್ತು, ಅಲ್ಲಿ ನಲವತ್ತು ಎಂದು ಚದುರಿದ ಮಕ್ಕಳಿಗೆ ವಾರ್ಡಿನ ಶಾಲೆಯ ಸಣ್ಣ ಒಲೆಯೇ ವಾಸಿ. ಅಡುಗೆಯವರೂ ಅಲ್ಲಿಯವರೇ, ಬಾರದ ಮಗುವಿನ ಮನೆ ಬಾಗಿಲು ಅವರಿಗೆ ಗೊತ್ತು.

ಇದೆಲ್ಲ ಏಪ್ರಿಲ್ 10ಕ್ಕೆ ನೆನಪಾದರೆ ಆಗುವ ಕೆಲಸವಲ್ಲ. ಮಕ್ಕಳ ಗ್ರಾಮಸಭೆ ಎಂಬುದೊಂದು ಕರ್ನಾಟಕದ ಪಂಚಾಯಿತಿಗಳಲ್ಲಿ 2006ರಿಂದ ನಡೆಯುತ್ತಿದೆ. ಅಲ್ಲಿ ಮಕ್ಕಳು ಶೌಚಾಲಯ, ಕಾಂಪೌಂಡು, ಆಟದ ಮೈದಾನ ಕೇಳುತ್ತಾರೆ. ರಜೆಯಲ್ಲಿ ಮಧ್ಯಾಹ್ನ ಏನು ಉಣ್ಣುತ್ತೀರಿ ಎಂದು ದೊಡ್ಡವರೇ ಅವರನ್ನು ಒಮ್ಮೆ ಕೇಳಬೇಕು. ಫೆಬ್ರುವರಿಯಲ್ಲಿ ಆ ಮಾತು, ಮಾರ್ಚ್ ಮೊದಲ ವಾರದಲ್ಲಿ ಮೇಲುಸ್ತುವಾರಿ ಸಮಿತಿಯ ಸಭೆ, ಯುಗಾದಿಯ ಹೊತ್ತಿಗೆ ಶಾಲೆಯ ಗೋಡೆಗೆ ಒಂದು ಹಾಳೆ: 41 ಸಾಲು, ಪ್ರತಿ ಸಾಲಿನಲ್ಲಿ ಒಂದು ತಾರೀಖು, ಅದರ ಮುಂದೆ ಅಂದಿನ ಪಾಳಿಯ ಮನೆಯ ಹೆಸರು. ಹಾಳೆಯಲ್ಲಿ ಮೇ ಎರಡನೆಯ ವಾರದ ಸಾಲುಗಳು ಕೊನೆಯವರೆಗೂ ಖಾಲಿ ಉಳಿಯುವ ಸಂಭವ ಹೆಚ್ಚು. ಅಷ್ಟರಲ್ಲಿ ಹುರುಪು ಇಳಿದಿರುತ್ತದೆ, ಬಿಸಿಲು ಏರಿರುತ್ತದೆ. ನಿಮ್ಮೂರಿನ ಶಾಲೆಯಲ್ಲಿ ಅಂಥ ಹಾಳೆ ಅಂಟಿಸಿದರೆ, ದಯವಿಟ್ಟು ಆ ವಾರದಲ್ಲೇ ನಿಮ್ಮ ಹೆಸರು ಬರೆಯಿರಿ.